ಪಾಯಿಂಟೋ ಮಾಡ್ಯೂಲೋ, ಸೀಸವೋ ಲಿಥಿಯಮ್ಮೋ: ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್‌ನಲ್ಲಿ ಎಲ್ಲವನ್ನೂ ಬಳಸಿ ನೋಡಿದ ಮೇಲೆ

ಹಳೇ ಗಾಡಿಗೆ ಹೊಸ ಸಾಮಾನು ಹಾಕುವ ಮುಂಚೆ ಯಾವುದು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು ಇಷ್ಟು: ಕೆಡುವಾಗ ಅದು ಹೇಳಿ ಕೆಡುತ್ತದೆಯೋ, ಹೇಳದೆ ಕೆಡುತ್ತದೆಯೋ? ಕೆಟ್ಟ ಮೇಲೆ ನಾನು ಎಲ್ಲಿ ನಿಂತಿರುತ್ತೇನೆ? ಈ ಬರಹದ ತೀರ್ಪೆಲ್ಲ ಆ ಪ್ರಶ್ನೆಯಿಂದಲೇ ಬಂದದ್ದು.

ಗಾಡಿ 1973ರ ಫೋಕ್ಸ್‌ವ್ಯಾಗನ್ ಟೈಪ್ 2, ಎಲ್ಲರ ಬಾಯಲ್ಲಿ ಬೇ ವಿಂಡೋ. ಜರ್ಮನಿಯಲ್ಲಿ 1967ರಿಂದ 1979ರವರೆಗೆ ತಯಾರಾದ ಮಾದರಿ. ಬ್ರೆಜಿಲ್‌ನಲ್ಲಿ ಅದರ ವಂಶ 2013ರವರೆಗೂ ಮುಂದುವರಿಯಿತು. ಹಿಂಭಾಗದಲ್ಲಿ ಗಾಳಿಯಿಂದ ತಂಪಾಗುವ 1600 ಸಿಸಿ ಇಂಜಿನ್, ಹೊಸದಿದ್ದಾಗಲೇ 50 ಅಶ್ವಶಕ್ತಿ. ನಾನಿರುವ ಇಂಗ್ಲೆಂಡಿನಲ್ಲಿ 40 ವರ್ಷ ದಾಟಿದ, ಮೂಲ ರಚನೆ ಬದಲಾಗದ ಗಾಡಿಗೆ ರಸ್ತೆ ತೆರಿಗೆ ಇಲ್ಲ, ವಾರ್ಷಿಕ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಅಂದರೆ ಗಾಡಿ ಸುರಕ್ಷಿತವಾಗಿದೆಯೇ ಎಂದು ನೋಡುವ ಹೊಣೆ ಪೂರ್ತಿಯಾಗಿ ಮನೆ ಮುಂದೆ ಸ್ಪ್ಯಾನರ್ ಹಿಡಿದು ಕೂತವರದ್ದು.

ಮೊದಲು ಇಗ್ನಿಷನ್, ಅಂದರೆ ಇಂಜಿನ್ ಒಳಗೆ ಪೆಟ್ರೋಲ್ ಹೊತ್ತಿಸುವ ಕಿಡಿಯ ವ್ಯವಸ್ಥೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದವರಿಗೆ ಸಿಬಿ ಪಾಯಿಂಟ್ ಹೊಸದೇನಲ್ಲ. ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಎರಡು ಪುಟ್ಟ ಲೋಹದ ತುದಿಗಳು. ಕ್ಯಾಮ್ ತಿರುಗಿದಂತೆ ತೆರೆದು ಮುಚ್ಚುತ್ತವೆ, ತೆರೆದಾಗಲೆಲ್ಲ ಒಂದು ಕಿಡಿ. ಈ ಇಂಜಿನ್‌ಗೆ ಗ್ಯಾಪ್ 0.4 ಮಿ.ಮೀ. ಕ್ಯಾಪ್ ಬಿಚ್ಚಿ, ರೋಟರ್ ತೆಗೆದು, ಪಾಯಿಂಟ್ ಪೂರ್ತಿ ತೆರೆದ ಜಾಗಕ್ಕೆ ಇಂಜಿನ್ ತಿರುಗಿಸಿ, ಫೀಲರ್ ಗೇಜ್ ತೂರಿಸಿ ಸ್ಕ್ರೂ ಬಿಗಿ ಮಾಡುವುದು. ಗ್ಯಾಪ್ ಕೂರಿಸಿದ ಮೇಲೆಯೇ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ ಹೊಂದಿಸುವುದು. ಕ್ರಮ ತಿರುಗಿಸಿದರೆ ಎರಡನೆಯ ಕೆಲಸ ವ್ಯರ್ಥ, ಏಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಜರುಗುತ್ತದೆ.

ಪಾಯಿಂಟ್‌ನ ನಿಜವಾದ ದೋಷ ಅಲ್ಲೇ ಇದೆ. ಕ್ಯಾಮ್‌ಗೆ ಉಜ್ಜುವ ಫೈಬರ್ ತುಂಡು ಸವೆಯುತ್ತದೆ, ಗ್ಯಾಪ್ ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ. ನೀರಿನ ರೇಡಿಯೇಟರ್ ಇರುವ ಗಾಡಿಯಾದರೆ ಪಿಕಪ್ ಸ್ವಲ್ಪ ಕಡಿಮೆಯಾಯಿತು ಅಂದುಕೊಂಡು ಓಡಿಸಬಹುದು. ಗಾಳಿ ತಂಪಿನ ಇಂಜಿನ್‌ನಲ್ಲಿ ತಡವಾದ ಕಿಡಿ ಎಂದರೆ ಸಿಲಿಂಡರ್ ಹೆಡ್‌ಗೆ ನೇರ ಬಿಸಿ. ಗಾಡಿ ಏರಿನಲ್ಲಿ ಉಸ್ಸೆನ್ನತೊಡಗಿದರೆ ನಾನು ಕಾರ್ಬ್ಯುರೇಟರ್ ಮುಟ್ಟುವ ಮುಂಚೆ ಪಾಯಿಂಟ್ ನೋಡುತ್ತೇನೆ. ಒಳ್ಳೆಯದೇನೆಂದರೆ, ಅದು ಹೇಳಿಯೇ ಕೆಡುತ್ತದೆ: ಐಡ್ಲಿಂಗ್ ಏರುಪೇರು, ಬೆಳಗ್ಗೆ ಸೆಲ್ಫ್ ಸ್ವಲ್ಪ ಹೆಚ್ಚು ಹೊತ್ತು ಹೊಡೆಯಬೇಕಾಗುವುದು, ಆಮೇಲೆ ಮಿಸ್ಸಿಂಗ್. ಪಾಯಿಂಟ್‌ನ ತುದಿಗಳು ಸುಡದಂತೆ ಕಾಯಲು ಪಕ್ಕದಲ್ಲಿರುವ ಕಂಡೆನ್ಸರ್ ಮಾತ್ರ ಇದಕ್ಕೆ ಅಪವಾದ. ಈಗ ಸಿಗುವ ಕಂಡೆನ್ಸರ್‌ಗಳ ಗುಣಮಟ್ಟ ನೆಚ್ಚುವಂತಿಲ್ಲ, ಕೆಲವು ಏಕಾಏಕಿ ಕೈ ಕೊಡುತ್ತವೆ. ಆದರೆ ಒಂದು ಸ್ಕ್ರೂ ಡ್ರೈವರ್ ಇದ್ದರೆ ರಸ್ತೆ ಬದಿಯಲ್ಲೇ ಬದಲಾಯಿಸಬಹುದು.

ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸುವುದು ಪಾಯಿಂಟ್ ಹೊಂದಿಸುವುದಕ್ಕಿಂತ ಸುಲಭ. ಪಾಯಿಂಟ್, ಕಂಡೆನ್ಸರ್ ಎರಡೂ ಹೊರಗೆ. ಕ್ಯಾಮ್ ಮೇಲೆ ಆಯಸ್ಕಾಂತದ ಉಂಗುರ, ಪಕ್ಕದಲ್ಲಿ ಆ ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಎರಡು ವೈರ್. ಉಜ್ಜುವ ಭಾಗವೇ ಇಲ್ಲದ್ದರಿಂದ ಟೈಮಿಂಗ್ ಕೂರಿಸಿದಲ್ಲೇ ಇರುತ್ತದೆ. ಜಿನುಗು ಮಳೆಯ ನವೆಂಬರ್ ಬೆಳಗ್ಗೆಯೂ ಇಂಜಿನ್ ತಕ್ಷಣ ಹಿಡಿಯಿತು, ಐಡ್ಲಿಂಗ್ ಒಂದೇ ಸಮ ನಿಂತಿತು. ಓಡುವ ಗುಣದಲ್ಲಿ ಮಾಡ್ಯೂಲ್ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದು ಸತ್ತಾಗ ಸೂಚನೆಯೇ ಇರಲಿಲ್ಲ. ವೇಲ್ಸ್‌ನ ಒಂದು ಏರಿನ ನಡುವೆ ಕೀಲಿ ತೆಗೆದಂತೆ ಇಂಜಿನ್ ನಿಂತಿತು. ಅದನ್ನು ರಿಪೇರಿ ಮಾಡುವ ದಾರಿಯೇ ಇಲ್ಲ, ಅಂಟಿನಲ್ಲಿ ಮುಚ್ಚಿದ ಡಬ್ಬಿ. ಇಂಜಿನ್ ಓಡದಿರುವಾಗ ಇಗ್ನಿಷನ್ ಆನ್ ಬಿಟ್ಟರೆ ಇದು ಬಿಸಿಯಾಗಿ ಸುಡಬಹುದು. ರೇಡಿಯೋ ಕೇಳಲು ಕೀಲಿ ತಿರುಗಿಸುವ ಅಭ್ಯಾಸವಿರುವವರು ಗಮನಿಸಬೇಕು. ಇನ್ನೊಂದು, ಅರ್ಧ ಶತಮಾನದ ವೈರಿಂಗ್‌ನಲ್ಲಿ ಕಾಯಿಲ್‌ಗೆ ಪೂರ್ತಿ 12 ವೋಲ್ಟ್ ತಲುಪುವುದೇ ಅಪರೂಪ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಇನ್ನೂ ಕುಸಿದರೆ ಮಾಡ್ಯೂಲ್ ಎಚ್ಚರವಾಗುವುದೇ ಇಲ್ಲ. ಮಾಡ್ಯೂಲ್ ಹಾಕುವವರು ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕ ಕಾಯಿಲ್‌ಗೆ ಹೊಸ ವೈರ್ ಎಳೆಯಲೇಬೇಕು.

ಹಾಗಾದರೆ ನನ್ನ ಗಾಡಿಯಲ್ಲಿ ಈಗ ಇರುವುದು? ಮಾಡ್ಯೂಲ್. ಜೊತೆಗೆ ಮುಂದಿನ ಖಾನೆಯಲ್ಲಿ ಗ್ಯಾಪ್ ಹೊಂದಿಸಿಟ್ಟ ಪಾಯಿಂಟ್, ಕಂಡೆನ್ಸರ್, ಫೀಲರ್ ಗೇಜ್, ಸ್ಕ್ರೂ ಡ್ರೈವರ್. ವೇಲ್ಸ್‌ನಲ್ಲಿ ಆ ದಿನ ಗಾಡಿ ಮನೆಗೆ ಬಂದದ್ದು ಆ ಖಾನೆಯಿಂದಲೇ. ಬಿಡಿಭಾಗ ಒಯ್ಯಲು, ಕೂರಿಸಲು ಕಲಿಯಲು ಮನಸ್ಸಿಲ್ಲದವರು ಪಾಯಿಂಟ್‌ನಲ್ಲೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಸ್ಟ್ರಿಬ್ಯೂಟರ್ ಬಗ್ಗೆ ಒಂದು ಮಾತು. ಹಿಂದಿನ ಮಾಲೀಕರು 009 ಎಂಬ ಬಾಷ್ ಮಾದರಿ ಹಾಕಿಸಿದ್ದರು. ಅದು ಇಂಜಿನ್ ವೇಗವನ್ನು ಮಾತ್ರ ನೋಡಿ ಕಿಡಿಯನ್ನು ಇನ್ನಷ್ಟು ಮುಂಚೆ ಹಾರಿಸುತ್ತದೆ. ನಿಂತಲ್ಲಿಂದ ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತಡವರಿಸುತ್ತಿತ್ತು. ಈ ಕಾರ್ಬ್ಯುರೇಟರ್‌ಗೆ ಹೊಂದುವ, ಇಂಜಿನ್ ಮೇಲಿನ ಹೊರೆಯನ್ನೂ ನೋಡುವ ವ್ಯಾಕ್ಯೂಮ್ ಡಿಸ್ಟ್ರಿಬ್ಯೂಟರ್ ವಾಪಸ್ ಹಾಕಿದೆ, ತಡವರಿಕೆ ಹೋಯಿತು. ಇಲ್ಲಿ ಹೋಲಿಸಲು ಹೆಚ್ಚೇನಿಲ್ಲ.

ಇನ್ನು ಮನೆ ಬ್ಯಾಟರಿ, ಅಂದರೆ ದೀಪ, ಫ್ರಿಜ್, ಫೋನ್ ಚಾರ್ಜ್‌ಗೆ ಇರುವ ಎರಡನೆಯ ಬ್ಯಾಟರಿ. ಮೊದಲು ಇದ್ದದ್ದು 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ. ಹೆಸರಿಗೆ 100, ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. 12.7 ವೋಲ್ಟ್ ಎಂದರೆ ತುಂಬಿದೆ, 12.2ಕ್ಕೆ ಬಂತೆಂದರೆ ನಿಲ್ಲಿಸಿ. ಅಗ್ಗದ ವೋಲ್ಟ್ ಮೀಟರ್ ನೋಡಿಯೇ ಅಂದಾಜು ಸಿಗುತ್ತಿತ್ತು. ಖಾಲಿ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ವರ್ಷದಿಂದ ವರ್ಷಕ್ಕೆ ಸಾಮರ್ಥ್ಯ ಕುಗ್ಗುತ್ತದೆ. ನಿಧಾನ ಸಾವು, ಇಗ್ನಿಷನ್ ಪಾಯಿಂಟ್‌ನಂತೆಯೇ.

ಅದರ ಜಾಗಕ್ಕೆ ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆ. ತೂಕ ಅರ್ಧಕ್ಕಿಂತ ಕಡಿಮೆ, 50 ಅಶ್ವಶಕ್ತಿಯ ಗಾಡಿಯಲ್ಲಿ ಪ್ರತಿ ಕಿಲೋ ಲೆಕ್ಕಕ್ಕೆ ಬರುತ್ತದೆ. ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಆದರೆ ವೋಲ್ಟೇಜ್ ಕೊನೆಯವರೆಗೂ 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ವೋಲ್ಟ್ ಮೀಟರ್ ಏನೂ ಹೇಳುವುದಿಲ್ಲ. ಖಾಲಿಯಾದೊಡನೆ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಸಂಪರ್ಕ ಕಡಿದು ಗಾಡಿಯೊಳಗೆಲ್ಲ ಕತ್ತಲು. ಎಷ್ಟು ಕರೆಂಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ಎಣಿಸುವ ಶಂಟ್ ಮೀಟರ್ ಬೇಕೇ ಬೇಕು.

ಇದೂ ಹೇಳದೆ ಕೆಡುವ ಜಾತಿ. ಆದರೂ ಇಲ್ಲಿ ನನ್ನ ಮತ ಲಿಥಿಯಂಗೆ, ಯಾವ ಅಳುಕೂ ಇಲ್ಲದೆ. ಮನೆ ಬ್ಯಾಟರಿ ಸತ್ತರೆ ದೀಪ ಆರುತ್ತದೆ, ಗಾಡಿ ನಿಲ್ಲುವುದಿಲ್ಲ. ಸ್ಟಾರ್ಟರ್ ಬ್ಯಾಟರಿ ಬೇರೆಯೇ ಇದೆ, ಅದು ಸೀಸದ್ದೇ, ಹಾಗೆಯೇ ಇರುತ್ತದೆ.

ಬದಲಾಯಿಸುವವರಿಗೆ ಮೂರು ಸಂಗತಿ ಮುಖ್ಯ. ಸೀಸದ ಬ್ಯಾಟರಿ ಇದ್ದ ಇಂಜಿನ್ ಕೋಣೆಯ ಮೂಲೆಯಲ್ಲೇ ಲಿಥಿಯಂ ಇಡಬೇಡಿ, ಅಲ್ಲಿಯ ಬಿಸಿ ಅದಕ್ಕೆ ಆಗದು. ನನ್ನದು ಹಿಂದಿನ ಸೀಟಿನ ಕೆಳಗಿದೆ. ಇಂಜಿನ್ ಓಡುವಾಗ ಎರಡೂ ಬ್ಯಾಟರಿಗಳನ್ನು ಒಟ್ಟಿಗೆ ಚಾರ್ಜ್ ಮಾಡಿಸುವ ಹಳೇ ಸ್ಪ್ಲಿಟ್ ಚಾರ್ಜ್ ರಿಲೇಗೆ ನೇರ ಜೋಡಿಸಬೇಡಿ. ಲಿಥಿಯಂ ಕೊಟ್ಟಷ್ಟೂ ಕರೆಂಟ್ ಹೀರುತ್ತದೆ, ಹಳೇ ಆಲ್ಟರ್ನೇಟರ್ ಸುಟ್ಟುಹೋಗಬಹುದು. ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಇರಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಹಾಳಾಗುತ್ತದೆ, ಚಳಿಯಲ್ಲಿ ಚಾರ್ಜ್ ತಡೆಯುವ ಬಿಎಂಎಸ್ ಇರುವುದನ್ನೇ ಕೊಳ್ಳಿ.

ಲಿಥಿಯಂ ಬಂದ ಮೇಲೆ ಫ್ರಿಜ್ ಪ್ರಶ್ನೆ ತಾನಾಗಿ ಬಗೆಹರಿಯಿತು. ಗ್ಯಾಸ್, 12 ವೋಲ್ಟ್, ಮನೆ ಕರೆಂಟ್ ಮೂರರಲ್ಲೂ ಓಡುವ ಹಳೆಯ ಫ್ರಿಜ್‌ನಲ್ಲಿ ಸದ್ದೇ ಇಲ್ಲ, ಅದು ಅದರ ದೊಡ್ಡ ಸುಖ. ಆದರೆ ಗಾಡಿ ಸಮತಟ್ಟಾಗಿ ನಿಲ್ಲದಿದ್ದರೆ ತಂಪಾಗದು, ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಅಂಥ ಜಾಗ ಹುಡುಕುವುದೇ ಕೆಲಸ. ಕಂಪ್ರೆಸರ್ ಫ್ರಿಜ್ ಓರೆಯಾಗಿದ್ದರೂ ಓಡುತ್ತದೆ. ಬೇಸಿಗೆಯಲ್ಲೂ ಮೊಸರು ಹುಳಿಯಾಗದೆ ಉಳಿಯುತ್ತದೆ, ದೋಸೆ ಹಿಟ್ಟು ಉಕ್ಕುವುದಿಲ್ಲ. ರಾತ್ರಿಯ ಗುಂಯ್ ಸದ್ದು ನಮಗೆ ಅಭ್ಯಾಸವಾಗಿದೆ.

ಇವೆಲ್ಲಕ್ಕೂ ಮುಂಚೆ ದುಡ್ಡು ಹೋಗಬೇಕಾದ ಜಾಗ ಒಂದಿದೆ: ಪೆಟ್ರೋಲ್ ಪೈಪ್. ಈ ಗಾಡಿಯಲ್ಲಿ ಸೋರಿದ ಪೆಟ್ರೋಲ್ ಬಿಸಿ ಇಂಜಿನ್ ಮೇಲೆಯೇ ಬೀಳುತ್ತದೆ, ಇಂಜಿನ್ ಕೇಸ್ ಮೆಗ್ನೀಸಿಯಂ ಮಿಶ್ರಲೋಹ. ಹತ್ತಿಕೊಂಡರೆ ಆರಿಸುವುದು ಬಹಳ ಕಷ್ಟ. 2021ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನ ಸಾಮಾನ್ಯ ಪೆಟ್ರೋಲ್‌ನಲ್ಲಿ 10 ಶೇಕಡಾದವರೆಗೆ ಎಥನಾಲ್ ಇದೆ, ಅದು ಹಳೇ ರಬ್ಬರನ್ನು ಒಳಗಿನಿಂದ ತಿನ್ನುತ್ತದೆ. ಬಟ್ಟೆ ಹೆಣಿಗೆಯ ಮೂಲ ಪೈಪ್ ನೋಡಲು ಚೆಂದ, ಆದರೆ ಬಿರುಕು ಹೆಣಿಗೆಯಡಿ ಕಾಣುವುದಿಲ್ಲ. ಎರಡನ್ನೂ ಹಾಕಿ ನೋಡಿದ ಮೇಲೆ, ಎಥನಾಲ್ ತಡೆದುಕೊಳ್ಳುವ, ಆರ್9 ಎಂದು ಮೈಮೇಲೆ ಅಚ್ಚಾದ ಪೈಪ್ ಬಿಟ್ಟು ಬೇರೇನೂ ಹಾಕುವುದಿಲ್ಲ. ಟ್ಯಾಂಕ್‌ನಿಂದ ಪಂಪ್‌ಗೆ, ಪಂಪ್‌ನಿಂದ ಕಾರ್ಬ್ಯುರೇಟರ್‌ಗೆ, ಎರಡೂ ಕಡೆ ಕ್ಲಿಪ್ ಸಮೇತ ಬದಲಾಯಿಸಿ. ತಗಡಿನ ಗೋಡೆ ದಾಟುವ ತೂತಿನಲ್ಲಿ ರಬ್ಬರ್ ಬುಷ್ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ.