ಜಿಪ್ಸಮ್ ಗೋಡೆಗೆ ಅಜ್ಜಿಯ ಕನ್ನಡಿ: ಬಟರ್‌ಫ್ಲೈ ಬೋಲ್ಟೋ, ಎಳೆದು ಕೂರಿಸುವ ಆ್ಯಂಕರೋ?

ಕಳೆದ ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ಜುಲೈ-ಆಗಸ್ಟ್ ತಿಂಗಳಲ್ಲಿ, ಒಂದು ರಾತ್ರಿ, ಎರಡೂವರೆ ಹೊತ್ತಿಗೆ, ಮಹಡಿಯಲ್ಲಿ ದಡಾರ್ ಅಂತ ಸದ್ದಾಯಿತು. ಹಂಚಿನ ಮೇಲೆ ಕೊಂಬೆ ಬಿತ್ತು ಅಂದುಕೊಂಡೆ. ಆ ಮಳೆಯಲ್ಲಿ ಅದೇನೂ ಹೊಸದಲ್ಲ. ಟಾರ್ಚ್ ಹಿಡಿದು ಮೇಲೆ ಹೋದರೆ ಬಿದ್ದಿದ್ದು ಅಜ್ಜಿಯ ಕಾಲದ ಬೀಟೆ ಚೌಕಟ್ಟಿನ ಕನ್ನಡಿ. ಗಾಜು ನಾಲ್ಕು ಹೋಳು. ಪ್ಲಾಸ್ಟಿಕ್ ಪ್ಲಗ್ಗುಗಳು ಸ್ಕ್ರೂ ಸಮೇತ ಕಿತ್ತುಕೊಂಡು ಬಂದು ನೆಲದ ಮೇಲೆ ಬಿದ್ದಿದ್ದವು. ಅದು ಹೋಮ್‌ಸ್ಟೇಗೆ ಕೊಡುವ ರೂಮು. ಆ ವಾರ ಗೆಸ್ಟ್ ಯಾರೂ ಇರಲಿಲ್ಲ, ಪುಣ್ಯ.

ಚೌಕಟ್ಟಿಗೆ ಏನೂ ಆಗಿರಲಿಲ್ಲ. ಹೊಸ ಗಾಜು ಹಾಕಿಸಿ, ಕಾಫಿ ಚೀಲ ತೂಗುವ ತಕ್ಕಡಿಯ ಮೇಲೆ ಇಟ್ಟು ನೋಡಿದೆ. 22 ಕೆಜಿ. ಇದನ್ನು ತೂಗು ಹಾಕುವ ಮೊದಲೇ ತೂಗಿ ನೋಡಬೇಕಿತ್ತು, ಅಲ್ವಾ?

ನನ್ನ ಮತ ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಇಕ್ಕಳದಂಥ ಟೂಲಿನಿಂದ ಎಳೆದು ಕೂರಿಸುವ ಲೋಹದ ಆ್ಯಂಕರ್‌ಗೆ. ಹಾಲೋ ವಾಲ್ ಆ್ಯಂಕರ್ ಅಂತ ಕೇಳಿದರೆ ಕೊಡುತ್ತಾರೆ. ಆದರೆ ಅದೇ ಆ್ಯಂಕರ್ ನನ್ನನ್ನು ಎರಡು ದಿನ ಅಳಿಸಿದ್ದೂ ನಿಜ. ಆ ಕಥೆ ಮುಂದೆ ಬರುತ್ತದೆ.

ಇಟ್ಟಿಗೆ ಗೋಡೆ ಯಾಕೆ ಕಟ್ಟಿಸಲಿಲ್ಲ ಅಂತ ಕೇಳುವವರಿಗೆ: ನಮ್ಮದು ಸುಂಟಿಕೊಪ್ಪದ ಹತ್ತಿರದ ಹಳೇ ಮನೆ. ಮಹಡಿಯ ನೆಲ ಮರದ ಹಲಗೆಯದು, ಕೆಳಗೆ ಮರದ ತೊಲೆ. ಅದರ ಮೇಲೆ ಇಟ್ಟಿಗೆಯ ಭಾರ ಹೊರಿಸುವ ಧೈರ್ಯ ಯಾವ ಮೇಸ್ತ್ರಿಗೂ ಇರಲಿಲ್ಲ. ದೊಡ್ಡ ಹಾಲನ್ನು ಎರಡು ರೂಮು ಮಾಡಲು ಜಿಪ್ಸಮ್ ಪಾರ್ಟಿಷನ್ ಒಂದೇ ದಾರಿ. ತಗಡಿನ ಚೌಕಟ್ಟು, ಎರಡೂ ಕಡೆ 12.5 ಮಿ.ಮೀ. ದಪ್ಪದ ಬೋರ್ಡ್. ಒಂದು ರೂಮಿನ ಗೊರಕೆ ಇನ್ನೊಂದು ರೂಮಿಗೆ ಕೇಳದಿರಲಿ ಅಂತ ನಡುವೆ ಗ್ಲಾಸ್ ವೂಲ್.

ಈ ಬೋರ್ಡಿನ ಬಲವೆಲ್ಲ ಹೆಚ್ಚಾಗಿ ಎರಡು ಬದಿಯ ಕಾಗದದಲ್ಲಿದೆ. ಒಳಗಿನ ಜಿಪ್ಸಮ್ ಉಗುರಿನಲ್ಲಿ ಗೀರಿದರೂ ಉದುರುತ್ತದೆ. ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದು ತೂತಿನ ಒಳಗೆ ಉಬ್ಬಿ, ಸುತ್ತಲಿನ ಗಟ್ಟಿ ಗೋಡೆಯನ್ನು ಒತ್ತಿ ಹಿಡಿದುಕೊಂಡು. ಇಲ್ಲಿ ಒತ್ತಲು ಇರುವುದು ಅರ್ಧ ಇಂಚು ಸೀಮೆಸುಣ್ಣದಂಥ ವಸ್ತು. ಮೇಲಿಂದ ಮಳೆಗಾಲದ ತೇವ. ನಮ್ಮ ಪಾರ್ಟಿಷನ್ನಿನ ಒಂದು ತುದಿ ಪಶ್ಚಿಮದ ಹೊರಗೋಡೆಗೆ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮೂಲೆ ಒಣಗಿದ್ದೇ ಇಲ್ಲ. ಪ್ಲಗ್ ಕೊಟ್ಟ ಅಂಗಡಿಯವರು "ಜಿಪ್ಸಮ್‌ಗೂ ಇದೇ ಸಾಕಣ್ಣಾ" ಅಂದಿದ್ದರು. ಗಡಿಯಾರಕ್ಕೆ ಸಾಕು, ಒಪ್ಪುತ್ತೇನೆ.

ತೂತು ಕೊರೆಯದೆ ನೇರವಾಗಿ ಬೋರ್ಡಿಗೇ ತಿರುಪುವ ದಪ್ಪ ಎಳೆಯ ಆ್ಯಂಕರ್ ಕೂಡ ತಂದಿದ್ದೆ. ಟೋಪಿ, ಕೊಡೆ, ಬೀಗದ ಕೈ ನೇತು ಹಾಕಲು ಬಹಳ ಒಳ್ಳೆಯದು. ಕನ್ನಡಿಗೆ ಬೇಡ.

ಉಳಿದಿದ್ದು ಎರಡು. ಒಂದು ಸ್ಪ್ರಿಂಗ್ ಟಾಗಲ್, ಅಂದರೆ ಅಂಗಡಿಯಲ್ಲಿ ಬಟರ್‌ಫ್ಲೈ ಬೋಲ್ಟ್ ಅನ್ನುವಂಥದ್ದು. ಎರಡು ರೆಕ್ಕೆ ಮಡಚಿ ತೂತಿನೊಳಗೆ ನುಗ್ಗಿಸಿದರೆ ಗೋಡೆಯ ಹಿಂದೆ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಬೋಲ್ಟ್ ಬಿಗಿ ಮಾಡಿದಂತೆ ರೆಕ್ಕೆ ಬೋರ್ಡಿನ ಬೆನ್ನನ್ನು ಅಪ್ಪಿಕೊಳ್ಳುತ್ತದೆ. ಇನ್ನೊಂದು ನನ್ನ ಆ್ಯಂಕರ್. ಇದು ಉದ್ದುದ್ದ ಸೀಳಿರುವ ಲೋಹದ ಕೊಳವೆ. ಒಳಗಿನ ಸ್ಕ್ರೂವನ್ನು ಎಳೆದರೆ ಕೊಳವೆ ಕುಗ್ಗಿ, ಅದರ ಕಾಲುಗಳು ಗೋಡೆಯ ಹಿಂದೆ ಕೊಡೆಯ ಕಡ್ಡಿಗಳ ಹಾಗೆ ಅಗಲವಾಗುತ್ತವೆ.

ಬಲದಲ್ಲಿ ಯಾವುದು ಮುಂದು ಅಂತ ನೋಡಲು ಉಳಿದಿದ್ದ ಬೋರ್ಡ್ ತುಂಡನ್ನು ಗೋದಾಮಿನಲ್ಲಿ ಎರಡು ರೀಪರಿನ ನಡುವೆ ನಿಲ್ಲಿಸಿದೆ. ಎರಡರಲ್ಲೂ ಒಂದೊಂದು ಕೊಕ್ಕೆ ಸಿಕ್ಕಿಸಿ, ಒಂದೊಂದಕ್ಕೆ 30 ಕೆಜಿ ಚೆರಿ (ಒಣಗಿಸಿದ ಕಾಫಿ ಹಣ್ಣು) ತುಂಬಿದ ಚೀಲ ನೇತು ಹಾಕಿದೆ. ಮೂರು ದಿನ ಎರಡೂ ಅಲ್ಲಾಡಲಿಲ್ಲ. ನಾಲ್ಕನೇ ದಿನ ಚೀಲ ಬೇಕು ಅಂತ ಅಣ್ಣ ಬಿಚ್ಚಿಕೊಂಡು ಹೋದ. ಹಾಗಾಗಿ ಬಲದ ವಿಷಯದಲ್ಲಿ ಜಗಳವಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವ ತೂಕದ ಕಾಲು ಭಾಗವನ್ನು ಮಾತ್ರ ನಂಬುವುದು ನನ್ನ ರೂಢಿ. ಆ ಲೆಕ್ಕದಲ್ಲೂ ನಾಲ್ಕು ಕಡೆ ಹಂಚಿದರೆ 22 ಕೆಜಿ ದೊಡ್ಡದಲ್ಲ.

ಈಗ ಅಳಿಸಿದ ಕಥೆ.

ಆ್ಯಂಕರ್ ತಂದಾಗ ಟೂಲ್ ತರಲಿಲ್ಲ. ನಾಲ್ಕು ಸ್ಕ್ರೂ ಕೂರಿಸಲು ಬೇರೆ ಇಕ್ಕಳ ಯಾಕೆ ಅಂತ ಜುಗ್ಗತನ. ಸ್ಕ್ರೂಡ್ರೈವರಿನಲ್ಲಿ ತಿರುಗಿಸಿದರೂ ಕೊಳವೆ ಕುಗ್ಗುತ್ತದೆ ಅಂತ ಪೆಟ್ಟಿಗೆಯ ಮೇಲೆ ಚಿತ್ರವೇ ಇತ್ತು. 10 ಮಿ.ಮೀ. ತೂತು ಕೊರೆದೆ, ಆ್ಯಂಕರ್ ತಳ್ಳಿದೆ, ತಿರುಗಿಸಲು ಶುರು ಮಾಡಿದೆ. ನಾಲ್ಕೈದು ಸುತ್ತು ಚೆನ್ನಾಗಿ ಹೋಯಿತು. ಆಮೇಲೆ ಸ್ಕ್ರೂ ಜೊತೆ ಆ್ಯಂಕರೂ ತಿರುಗತೊಡಗಿತು.

ಅದರ ತಲೆಯ ಅಂಚಿನಲ್ಲಿ ಎರಡು ಚಿಕ್ಕ ಹಲ್ಲುಗಳಿವೆ. ಅವು ಕಾಗದಕ್ಕೆ ಕಚ್ಚಿಕೊಂಡು ಆ್ಯಂಕರ್ ತಿರುಗದಂತೆ ಹಿಡಿಯಬೇಕು. ಒಣ ಗೋಡೆಯಲ್ಲಿ ಹಿಡಿಯುತ್ತವೆ. ಕುಶಾಲನಗರದಲ್ಲಿ ಚಿಕ್ಕಪ್ಪನ ಮನೆಯಲ್ಲಿ ಆಮೇಲೆ ಇದನ್ನೇ ಮಾಡಿ ನೋಡಿದೆ. ಅಲ್ಲಿ ಮಳೆ ನಮಗಿಂತ ಎಷ್ಟೋ ಕಮ್ಮಿ, ಗೋಡೆ ಗರಿಗರಿ. ಬರೀ ಸ್ಕ್ರೂಡ್ರೈವರಿನಲ್ಲೇ ಕೂತಿತು. ನಮ್ಮ ಮನೆಯಲ್ಲಿ ಕಾಗದ ನೆನೆದ ಹಪ್ಪಳದ ಹಾಗಿತ್ತು. ಹಲ್ಲು ಕಾಗದವನ್ನು ಹರಿದು ಒಂದು ಗುಂಡನೆ ಗಾಯ ಮಾಡಿತು. ಒಳಗೆ ಕಾಲುಗಳು ಅರ್ಧ ಅಗಲವಾಗಿವೆ, ಆದ್ದರಿಂದ ಹೊರಗೆ ಬರುವುದಿಲ್ಲ. ಪೂರ್ತಿ ಅಗಲವಾಗಿಲ್ಲ, ಆದ್ದರಿಂದ ಬಿಗಿಯೂ ಆಗುವುದಿಲ್ಲ. ಬಲಕ್ಕೆ ತಿರುಗಿಸಿದರೂ ಸುತ್ತುತ್ತದೆ, ಎಡಕ್ಕೆ ತಿರುಗಿಸಿದರೂ ಸುತ್ತುತ್ತದೆ.

ಮೂತಿ ಇಕ್ಕಳದಲ್ಲಿ ತಲೆಯ ಅಂಚು ಹಿಡಿದುಕೊಂಡು ತಿರುಗಿಸಿದೆ. ಇಕ್ಕಳ ಜಾರಿ ಬಣ್ಣ ಕಿತ್ತಿತು. ಅಂಚಿನ ಅಡಿಗೆ ಕತ್ತಿಯ ತುದಿ ಕೊಟ್ಟು ಎಬ್ಬಿಸಲು ಹೋದೆ. ಜಿಪ್ಸಮ್ ಉದುರಿ ತೂತು ಒಂದು ರೂಪಾಯಿ ನಾಣ್ಯದಷ್ಟು ಅಗಲವಾಯಿತು. ಕೊನೆಗೆ ಅಂಚನ್ನೇ ಕತ್ತರಿಸಿ, ಉಳಿದದ್ದನ್ನು ಸುತ್ತಿಗೆಯಲ್ಲಿ ಗೋಡೆಯೊಳಕ್ಕೆ ತಳ್ಳಿದೆ. ಅದು ಈಗಲೂ ಅಲ್ಲೇ ಇದೆ. ಎರಡನೆಯದ್ದಕ್ಕೂ ಇದೇ ಗತಿ. ಮೂರನೆಯದು ಹೇಗೋ ಕೂತಿತು. ನಾಲ್ಕನೆಯದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಕೆಳಗಿಂದ ಅಮ್ಮ "ಕನ್ನಡಿ ಹಾಕ್ತಿದ್ದೀಯೋ, ಗೋಡೆ ಕೆಡವ್ತಿದ್ದೀಯೋ" ಅಂದರು.

ಆಮೇಲೆ ಟೂಲ್ ತರಿಸಿದೆ. ಆನ್‌ಲೈನಲ್ಲಿ ಸುಮಾರು 1,400 ರೂಪಾಯಿ. ಪಾಪ್ ರಿವೆಟ್ ಹೊಡೆಯುವ ಗನ್ ನೋಡಿದವರಿಗೆ ಇದು ಅದರ ತಮ್ಮನ ಹಾಗೆ ಕಾಣುತ್ತದೆ. ಸ್ಕ್ರೂವಿನ ತಲೆಯನ್ನು ಅದರ ಬಾಯಿಯ ಸೀಳಿಗೆ ಸಿಕ್ಕಿಸಿ, ಮೂತಿಯನ್ನು ಗೋಡೆಗೆ ಒತ್ತಿ ಹಿಡಿಯಬೇಕು. ಹಿಡಿ ಒತ್ತಿದರೆ ಸ್ಕ್ರೂ ತಿರುಗದೆ ನೇರವಾಗಿ ಹೊರಕ್ಕೆ ಎಳೆಯುತ್ತದೆ. ತಿರುಗುವುದೇ ಇಲ್ಲವಾದ್ದರಿಂದ ಹಲ್ಲು ಕಾಗದ ಹರಿಯುವ ಮಾತೇ ಇಲ್ಲ. ಒತ್ತುತ್ತಾ ಹೋದಂತೆ ಒಂದು ಹಂತದಲ್ಲಿ ಕೈಗೆ ಗಟ್ಟಿ ಅನ್ನಿಸುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಒತ್ತಿದರೆ ಕಾಲುಗಳೇ ಬೋರ್ಡನ್ನು ಹಿಂದಿನಿಂದ ಜಜ್ಜುತ್ತವೆ. ಒಂದು ಆ್ಯಂಕರಿಗೆ ಅರ್ಧ ನಿಮಿಷ ಸಾಕು. ಎರಡು ದಿನ ಒದ್ದಾಡಿದ್ದನ್ನು ನೆನೆದು ಸಿಟ್ಟು ಬಂತು, ನಗುವೂ ಬಂತು. ಗಾಯವಾದ ಜಾಗ ಬಿಟ್ಟು ಮೂರು ಇಂಚು ಮೇಲೆ ಹೊಸದಾಗಿ ನಾಲ್ಕು ಕೂರಿಸಿದೆ.

ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ. ಆನ್ ಇದ್ದರೆ ಮುಂದೆ ಚಂದದ ತೂತು, ಹಿಂದೆ ಹೊಂಡ.

ಬಟರ್‌ಫ್ಲೈಗೆ ಟೂಲಿನ ಖರ್ಚಿಲ್ಲ. ತೇವದ ಕಾಗದದ ತಾಪತ್ರಯವೂ ಇಲ್ಲ, ಯಾಕೆಂದರೆ ಅದು ಕಾಗದ ಕಚ್ಚುವುದೇ ಇಲ್ಲ. ಆದರೆ ರೆಕ್ಕೆ ಮಡಚಿ ತಳ್ಳಲು ತೂತು ದೊಡ್ಡದು ಬೇಕು. ನಾನು ತಂದಿದ್ದಕ್ಕೆ 16 ಮಿ.ಮೀ. ಬಿಟ್ ಬೇಕಾಯಿತು. ಪಕ್ಕದ ರೂಮಿನ ಶೆಲ್ಫಿಗೆ ಹಾಕಲು ಹೋದಾಗ ಒಳಗಿನ ಗ್ಲಾಸ್ ವೂಲ್ ಅಡ್ಡ ಬಂದು ಒಂದು ರೆಕ್ಕೆ ಬಿಚ್ಚಲೇ ಇಲ್ಲ. ಸ್ಪ್ರಿಂಗಿಗೆ ಅಷ್ಟು ಶಕ್ತಿಯಿಲ್ಲ. ಎಳೆದು ಕೂರಿಸುವ ಆ್ಯಂಕರ್ ಅದೇ ಗ್ಲಾಸ್ ವೂಲನ್ನು ಸರಿಸಿಕೊಂಡೇ ಅಗಲವಾಗುತ್ತದೆ.

ಇಷ್ಟಕ್ಕೇ ಆಗಿದ್ದರೆ ನಾನು ಬಟರ್‌ಫ್ಲೈ ಬೇಡ ಅನ್ನುತ್ತಿರಲಿಲ್ಲ. ನನಗೆ ಅದು ಒಗ್ಗದಿರುವುದು ಬೂಷ್ಟಿನ ದೆಸೆಯಿಂದ. ಗೋಡೆಗೆ ಅಂಟಿಕೊಂಡ ದೊಡ್ಡ ವಸ್ತುವಿನ ಹಿಂದೆ ಗಾಳಿಯಾಡುವುದಿಲ್ಲ. ಆಗಸ್ಟ್ ಮುಗಿಯುವ ಹೊತ್ತಿಗೆ ಅಲ್ಲಿ ಹಸಿರು, ಕಪ್ಪು ಎರಡೂ ಬೆಳೆದಿರುತ್ತದೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬಕ್ಕೆ ಮುಂಚೆ ಎಲ್ಲ ಇಳಿಸಿ ಒರೆಸುವುದು ನಮ್ಮ ಮನೆಯ ಪದ್ಧತಿ. ಸುಗ್ಗಿಯ ಹಬ್ಬ ಪುತ್ತರಿ ಹೊತ್ತಿಗೆ ಇನ್ನೊಂದು ಸಲ. ಬಟರ್‌ಫ್ಲೈಯ ಬೋಲ್ಟ್ ಪೂರ್ತಿ ಬಿಚ್ಚಿದರೆ ರೆಕ್ಕೆ ಗೋಡೆಯೊಳಗೆ ಟಣ್ ಅಂತ ಬೀಳುತ್ತದೆ. ಮತ್ತೆ ಹೊಸದು ಕೊಳ್ಳಬೇಕು. ಎಳೆದು ಕೂರಿಸಿದ ಆ್ಯಂಕರಿನಲ್ಲಿ ಸ್ಕ್ರೂ ಮಾತ್ರ ಹೊರಗೆ ಬರುತ್ತದೆ, ಉಳಿದದ್ದು ಗೋಡೆಯಲ್ಲೇ ಇರುತ್ತದೆ. ಈ ವರ್ಷ ಎರಡು ಸಲ ಬಿಚ್ಚಿ ಹಾಕಿದ್ದೇನೆ. ಹತ್ತು ನಿಮಿಷದ ಕೆಲಸ.

ವರ್ಷಗಟ್ಟಲೆ ಅಲ್ಲಾಡಿಸದ ಒಂದೇ ಒಂದು ಶೆಲ್ಫ್ ಹಾಕುವವರು ಸುಮ್ನೆ 1,400 ರೂಪಾಯಿ ಖರ್ಚು ಮಾಡಬೇಡಿ, ಬಟರ್‌ಫ್ಲೈ ನಾಲ್ಕು ತಂದುಬಿಡಿ. ನನ್ನದು ಎರಡು ರೂಮು, ತೂಗು ಹಾಕುವ ವಸ್ತು ಏಳು. ನನಗೆ ದುಬಾರಿ ಅನ್ನಿಸಲಿಲ್ಲ.

ಎರಡೂ ಬೇಡ ಅನ್ನುವ ಜಾಗಗಳಿವೆ. 15 ಲೀಟರಿನ ಗೀಸರಿಗೆ ನೀರೇ 15 ಕೆಜಿ, ಅದರ ತೂಕ ಬೇರೆ, ಪೈಪಿನ ಅಲುಗಾಟ ಬೇರೆ. ಅದನ್ನು ಜಿಪ್ಸಮ್‌ಗೆ ಹಾಕುವ ಮಾತೇ ಬೇಡ. ಟಿವಿಯನ್ನು ಗೋಡೆಗೆ ಒತ್ತಿ ಹಾಕಿದರೆ ತೂಕ ಕೆಳಕ್ಕೆ ಹೋಗುತ್ತದೆ, ತೊಂದರೆಯಿಲ್ಲ. ಎಳೆದು ತಿರುಗಿಸುವ ತೋಳಿನ ಸ್ಟ್ಯಾಂಡ್ ಹಾಗಲ್ಲ. 10 ಕೆಜಿ ಟಿವಿಯನ್ನು ಗೋಡೆಯಿಂದ 40 ಸೆಂ.ಮೀ. ಹೊರಗೆ ಎಳೆದಿರಿ, ಸ್ಟ್ಯಾಂಡಿನ ತಗಡು 20 ಸೆಂ.ಮೀ. ಎತ್ತರ ಇದೆ ಅಂದುಕೊಳ್ಳಿ. ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಕೀಳುವ ಎಳೆತವೇ 20 ಕೆಜಿಯಷ್ಟಾಗುತ್ತದೆ. ಗೆಸ್ಟ್ ಮಕ್ಕಳು ಅದಕ್ಕೆ ಜೋತಾಡಿದರೆ ಮುಗಿಯಿತು. ನಮ್ಮ ಟಿವಿಗೆ ತಗಡಿನ ಕಂಬದಿಂದ ಕಂಬಕ್ಕೆ 18 ಮಿ.ಮೀ. ಪ್ಲೈವುಡ್ ಹೊಡೆದು ಅದರ ಮೇಲೆ ಸ್ಟ್ಯಾಂಡ್ ಹಾಕಿಸಿದೆ. ಕಂಬ ಎಲ್ಲಿದೆ ಅಂತ ಹುಡುಕಲು ಹಳೇ ಸ್ಪೀಕರಿನ ಮ್ಯಾಗ್ನೆಟ್ ಸಾಕು. ಬೋರ್ಡಿನ ಸ್ಕ್ರೂ ಇರುವ ಕಡೆ ಅಂಟಿಕೊಳ್ಳುತ್ತದೆ. ನಮ್ಮಲ್ಲಿ 60 ಸೆಂ.ಮೀ.ಗೆ ಒಂದು ಕಂಬ. ಕನ್ನಡಿ ಬೇಕಾದ ಜಾಗದಲ್ಲಿ ಮಾತ್ರ ಒಂದೂ ಇರಲಿಲ್ಲ.

ಕೊಳ್ಳುವ ಮೊದಲು ಬೋರ್ಡ್ ಒಂದು ಪದರವೋ ಎರಡೋ ನೋಡಿ. ಪೆಟ್ಟಿಗೆಯ ಮೇಲೆ ಎಷ್ಟು ದಪ್ಪದ ಗೋಡೆಗೆ ಅಂತ ಬರೆದಿರುತ್ತದೆ. ಎರಡು ಪದರ ಅಂದರೆ 25 ಮಿ.ಮೀ. ಗಿಡ್ಡ ಆ್ಯಂಕರ್ ತಂದರೆ ಕಾಲು ಬೋರ್ಡಿನ ಒಳಗೇ ಅಗಲವಾಗಲು ಹೋಗಿ ಜಿಪ್ಸಮ್ ಪುಡಿ ಮಾಡುತ್ತದೆ.

ಟೂಲ್ ಈಗ ನಮ್ಮ ಮನೆಯಲ್ಲಿಲ್ಲ. ಪಕ್ಕದ ತೋಟದವರು ಒಂದು ದಿನಕ್ಕೆ ಅಂತ ಒಯ್ದು ಮೂರು ವಾರವಾಯಿತು.