ತಾರಸಿಯ ಕುಂಡಕ್ಕೆ ದಾಸವಾಳವೋ, ಕೇಪಳವೋ?

ಪುತ್ತೂರಿನ ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಕೇಪಳ ಯಾರೂ ನೆಡದೆ, ಯಾರೂ ನೀರುಣಿಸದೆ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ಆ ಧೈರ್ಯದಲ್ಲಿಯೇ ಎರಡು ವರ್ಷದ ಹಿಂದೆ ಬೆಂಗಳೂರಿನ ನಮ್ಮ ತಾರಸಿಗೆ ಎರಡು ಕೇಪಳದ ಗಿಡ ತಂದೆ, ಜೊತೆಗೊಂದು ಕೆಂಪು ದಾಸವಾಳ. ಮೂರಕ್ಕೂ ಒಂದೇ ಅಳತೆಯ ಕುಂಡ, ಒಂದೇ ಬಿಸಿಲು, ಒಂದೇ ಬೋರ್‌ವೆಲ್ ನೀರು.

ದಾಸವಾಳ ಮೂರನೆಯ ತಿಂಗಳಿಗೇ ಮೊಗ್ಗು ಕಟ್ಟಿತು. ಹೂವಿನ ಆಯಸ್ಸು ಒಂದೇ ದಿನ. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ಆದರೂ ಗಣಪತಿಗೆ ದಿನಕ್ಕೆರಡು ಹೂವಿಗೆ ಕೊರತೆಯಾಗಿಲ್ಲ. ಕಾಟವೆಂದರೆ ಹಿಟ್ಟು ತಿಗಣೆ. ಕಾಂಡದ ಮೇಲೆ ಇರುವೆ ಸಾಲುಗಟ್ಟಿದರೆ ಚಿಗುರಿನ ಸಂದುಗಳನ್ನು ನೋಡಿ, ಹತ್ತಿಯಂಥ ಬಿಳಿ ಗಂಟುಗಳು ಸಿಗುತ್ತವೆ. ತೀರಾ ಹತ್ತಿದ ರೆಂಬೆಯನ್ನು ಕತ್ತರಿಸಿ, ಉಳಿದದ್ದಕ್ಕೆ ಸೋಪಿನ ನೀರಿನಲ್ಲಿ ಕಲಸಿದ ಬೇವಿನೆಣ್ಣೆಯನ್ನು ಸಂಜೆ ಹೊತ್ತು ಸಿಂಪಡಿಸುತ್ತೇನೆ.

ಕೇಪಳದ ಕಥೆಯೇ ಬೇರೆ. ಆರು ತಿಂಗಳಲ್ಲಿ ಎಳೆಯ ಎಲೆಗಳು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದವು, ನರಗಳು ಮಾತ್ರ ಹಸಿರು. ಗೊಬ್ಬರ ಸಾಲದೆಂದು ಇನ್ನಷ್ಟು ಹಾಕಿದೆ, ಪ್ರಯೋಜನವಾಗಲಿಲ್ಲ. ಒಂದು ದಿನ ಕುಂಡದ ಅಂಚನ್ನು ಉಗುರಿನಿಂದ ಕೆರೆದಾಗ ಸುಣ್ಣದಂಥ ಬಿಳಿ ಪದರು ಎದ್ದು ಬಂತು. ಆಗ ಹೊಳೆಯಿತು: ಕೇಪಳಕ್ಕೆ ಬೇಕಾದದ್ದು ಕರಾವಳಿಯ ಮುರಕಲ್ಲು ಮಣ್ಣಿನಂಥ ಹುಳಿ ಮಣ್ಣು. ಗಡಸು ನೀರು ಮಣ್ಣನ್ನು ಕ್ಷಾರವಾಗಿಸುತ್ತದೆ. ಆಮೇಲೆ ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ.

ಜೂನ್ ಬಂದೊಡನೆ ಒಂದು ಕುಂಡಕ್ಕೆ ಡ್ರಮ್ಮಿನಲ್ಲಿ ಹಿಡಿದ ಮಳೆನೀರು, ಇನ್ನೊಂದಕ್ಕೆ ಎಂದಿನ ನಲ್ಲಿ ನೀರು ಹಾಕತೊಡಗಿದೆ. ಮಳೆಗೆ ತೋಯದಂತೆ ಎರಡನ್ನೂ ಶೀಟಿನ ಕೆಳಗಿಟ್ಟಿದ್ದೆ. ಮಳೆನೀರು ಕುಡಿದ ಗಿಡದಲ್ಲಿ ಸೆಪ್ಟೆಂಬರಿಗೆ ಹೊಸ ಎಲೆಗಳು ಕಡುಹಸಿರಾಗಿ ಬಂದವು, ಹಿಂದೆಯೇ ಮೂರು ಗೊಂಚಲು. ಒಂದೊಂದೂ ನಾಲ್ಕು ವಾರ ಬಾಡದೆ ನಿಂತಿತು. ಸೂರಕ್ಕಿ ದಿನವೂ ಬಂದು ಕೊಳವೆಯಂಥ ಹೂವಿಗೆ ಕೊಕ್ಕು ಇಳಿಸುತ್ತಿತ್ತು. ಇನ್ನೊಂದು ಗಿಡ ಹಳದಿಯಾಗಿಯೇ ಉಳಿಯಿತು.

ಬಿಸಿಲು ಕಡಿಮೆಯಿರುವ ಬಾಲ್ಕನಿಯವರು ಈ ಎರಡನ್ನೂ ಬಿಟ್ಟು ನಂದಿಬಟ್ಟಲು ನೆಡಿ. ಅರೆನೆರಳಿಗೂ ಅದು ಹೂ ಕೊಡುತ್ತದೆ.

ಬೋರ್‌ವೆಲ್ ಒಂದೇ ಗತಿಯೆಂದಾದರೆ ನನ್ನ ಆಯ್ಕೆ ದಾಸವಾಳ, ಅನುಮಾನವೇ ಇಲ್ಲ. ಮಳೆನೀರು ಹಿಡಿದಿಡಲು ಜಾಗವಿದ್ದರೆ ಕೇಪಳ. ನಾನಂತೂ ಈ ವರ್ಷ ಇನ್ನೂರು ಲೀಟರಿನ ಎರಡನೆಯ ಡ್ರಮ್ ತಂದಿದ್ದೇನೆ, ಹಳದಿ ಗಿಡಕ್ಕೆ.