ಆರು ವರ್ಷದಿಂದ ಒಂದೇ ಫೈನಾನ್ಸ್ ಕಂಪನಿ: ನನ್ನ ಕಾಗದ, ನನ್ನ ನಂಬರ್ ಎಲ್ಲೆಲ್ಲಿ ಹೋದವು

ದಾವಣಗೆರೆಯ ಮಂಡಿಪೇಟೆ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. 2019ರಲ್ಲಿ ಒಂದು ಫೈನಾನ್ಸ್ ಕಂಪನಿಯಲ್ಲಿ ಸ್ಕೂಟರ್ ಸಾಲ ಮಾಡಿದೆ. ಅದು ತೀರಿದ ಮೇಲೆ 2022ರ ಡಿಸೆಂಬರಿನಲ್ಲಿ ಓವರ್‌ಲಾಕ್ ಮೆಷಿನ್ ತರಲು ಅಲ್ಲೇ 80,000 ರೂಪಾಯಿ ತೆಗೆದುಕೊಂಡೆ. ಎರಡೂ ಸಾಲ ತೀರಿವೆ, ಬಾಕಿ ಇಲ್ಲ ಅನ್ನುವ ಪತ್ರ (ಎನ್‌ಓಸಿ) ಕೈಯಲ್ಲಿದೆ. ಬಡ್ಡಿ ಹೇಳಿದಷ್ಟೇ ಹಾಕಿದರು. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆಗಿಲ್ಲ. ದುಡ್ಡಿನ ವಿಷಯದಲ್ಲಿ ನನ್ನ ದೂರು ಏನೂ ಇಲ್ಲ.

ನಾನು ಬರೆಯಲು ಕೂತಿರುವುದು ಅವರ ಕೈಗೆ ಕೊಟ್ಟ ಕಾಗದಪತ್ರ, ಫೋನ್ ನಂಬರ್, ಮನೆಯವರ ಹೆಸರು ಏನಾದವು ಅಂತ ಹೇಳಲು. ಕಂಪನಿ ಹೆಸರು ಹಾಕಿಲ್ಲ. ನಿಮ್ಮ ಸಾಲ ಯಾವ ಕಂಪನಿಯದಾದರೂ ನೋಡಬೇಕಾದ ಜಾಗಗಳು ಇವೇ.

ಮೊದಲ ದಿನದಿಂದ ಹೇಳುತ್ತೇನೆ. ಸ್ಕೂಟರ್ ಶೋರೂಮಿನ ಮೂಲೆಯಲ್ಲಿ ಸಾಲ ಕೊಡಿಸುವ ಹುಡುಗ ಟೇಬಲ್ ಹಾಕಿಕೊಂಡು ಕೂತಿದ್ದ. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಕರೆಂಟ್ ಬಿಲ್ಲು ಎಲ್ಲವನ್ನೂ ಸಾಲಾಗಿ ಇಟ್ಟು ತನ್ನ ಸ್ವಂತ ಮೊಬೈಲಿನಲ್ಲಿ ಫೋಟೋ ತೆಗೆದ. "ಅಕ್ಕಾ, ಗ್ರೂಪಿಗೆ ಹಾಕಿಬಿಟ್ರೆ ಸಂಜೆಯೊಳಗೆ ಅಪ್ರೂವ್ ಆಗುತ್ತೆ" ಎಂದ. ವಾಟ್ಸಾಪ್ ಗ್ರೂಪ್ ತೆರೆದಾಗ ನನ್ನ ಆಧಾರಿನ ಮೇಲೆ ಇನ್ಯಾರದೋ ಆಧಾರ್ ಇತ್ತು. ಅದರ ಮೇಲೆ ಒಬ್ಬ ವಯಸ್ಸಾದ ಹೆಂಗಸಿನ ಪಾಸ್‌ಬುಕ್. ಖಾತೆ ನಂಬರ್ ನನಗೆ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಆಗ ನನಗೆ ಅದು ತಪ್ಪು ಅನ್ನಿಸಲಿಲ್ಲ. ಬೇಗ ಆಗಲಿ ಅಂತ ಇದ್ದೆ.

ಆ ಹುಡುಗ ಕಂಪನಿಯ ನೌಕರ ಅಲ್ಲ, ಕಮಿಷನ್ ಏಜೆಂಟ್. ಆರು ತಿಂಗಳಿಗೆ ಕೆಲಸ ಬಿಟ್ಟ ಅಂತ ಆಮೇಲೆ ಗೊತ್ತಾಯಿತು. ಫೋನು ಅವನದೇ. ನಮ್ಮೆಲ್ಲರ ಆಧಾರ್ ಅದರಲ್ಲೇ ಹೋಯಿತು.

ಈ ಆರು ವರ್ಷದಲ್ಲಿ ನಾನು ಕಂಡ ದೊಡ್ಡ ವಿಷಯ ಇದೇ. ಕಂಪನಿಯ ಕಂಪ್ಯೂಟರಿಗೆ ಬೀಗ ಗಟ್ಟಿಯಾಗಿದೆ. ವಿವರ ಸೋರುವುದು ಅಲ್ಲಿಗೆ ಸೇರುವ ಮುಂಚೆ ಮತ್ತು ಅಲ್ಲಿಂದ ಹೊರಗೆ ಕೊಟ್ಟ ಮೇಲೆ, ಅಂದರೆ ಜನರ ಕೈಯಲ್ಲಿ.

ಬೀಗದ ವಿಷಯ ಮೊದಲು ಮುಗಿಸುತ್ತೇನೆ, ಅದು ಚೆನ್ನಾಗಿದೆ. ಸಿಮ್ ಬದಲಾಯಿಸಿದರೆ ಕಂಪನಿಯ ಆ್ಯಪ್ ತೆರೆಯುವುದಿಲ್ಲ, ಮತ್ತೆ ಪೂರ್ತಿ ಪರಿಶೀಲನೆ ಮಾಡುತ್ತದೆ. ಮೆಸೇಜಿನಲ್ಲಿ ಸಾಲದ ಖಾತೆಯ ಕೊನೆಯ ನಾಲ್ಕು ಅಂಕಿ ಮಾತ್ರ ಬರುತ್ತದೆ. ಓಟಿಪಿ ಯಾರಿಗೂ ಹೇಳಬೇಡಿ ಅಂತ ಕನ್ನಡದಲ್ಲೇ ಬರೆದಿರುತ್ತದೆ. ಸ್ಟೇಟ್‌ಮೆಂಟಿನ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ. ಆದರೆ ಆ ಪಾಸ್‌ವರ್ಡ್ ನಮ್ಮ ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಎರಡೂ ಆಧಾರ್ ಕಾರ್ಡಿನ ಮೇಲೇ ಇವೆ ಅಲ್ವಾ? ಆಧಾರ್ ಜೆರಾಕ್ಸ್ ಯಾರ ಹತ್ತಿರ ಇದೆಯೋ ಅವರಿಗೆ ಸ್ಟೇಟ್‌ಮೆಂಟ್ ತೆರೆಯಲು ಬರುತ್ತದೆ. ಇದನ್ನು ಎರಡು ಸಲ ಬರೆದು ಕಳಿಸಿದ್ದೇನೆ, ಇನ್ನೂ ಬದಲಾಗಿಲ್ಲ.

ಆ್ಯಪ್ 2019ರಲ್ಲಿ ಕಾಂಟ್ಯಾಕ್ಟ್ಸ್, ಫೋಟೋ, ಲೊಕೇಶನ್ ಎಲ್ಲ ಕೇಳಿತ್ತು. ನಾನು ಎಲ್ಲದಕ್ಕೂ ಅಲೋ ಒತ್ತಿದ್ದೆ. 2022ರ ಸೆಪ್ಟೆಂಬರಿನಲ್ಲಿ ಆರ್‌ಬಿಐ ಡಿಜಿಟಲ್ ಸಾಲಕ್ಕೆ ನಿಯಮ ತಂದಿತು. ಸಾಲದ ಆ್ಯಪ್ ನಮ್ಮ ಫೋನಿನ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋಟೋ ಫೈಲುಗಳನ್ನು ಮುಟ್ಟುವ ಹಾಗಿಲ್ಲ. ಕ್ಯಾಮೆರಾ, ಲೊಕೇಶನ್ ಬೇಕಾದರೆ ಕೆವೈಸಿ, ಅಂದರೆ ಗುರುತು ಪರಿಶೀಲನೆ, ಮಾಡುವಾಗ ಒಂದು ಸಲ ಕೇಳಿ ಬಳಸಬಹುದು, ಅಷ್ಟೇ. ಎರಡನೇ ಸಾಲದ ಹೊತ್ತಿಗೆ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳುವುದನ್ನು ಬಿಟ್ಟಿತ್ತು. ಆದರೆ ಸೆಟ್ಟಿಂಗ್ಸ್ ತೆರೆದು ನೋಡಿದಾಗ ನಾನು ಹಿಂದೆ ಕೊಟ್ಟಿದ್ದ ಲೊಕೇಶನ್ ಅನುಮತಿ ಹಾಗೇ ಉಳಿದಿತ್ತು, ಅದೂ "ಯಾವಾಗಲೂ" ಅಂತ. ನಾನೇ ಕೈಯಾರೆ ತೆಗೆದೆ. ಹಳೇ ಗ್ರಾಹಕರು ಒಂದು ಸಲ ನೋಡಿಕೊಳ್ಳಿ.

ಎರಡನೇ ಸಾಲದ ಹೊತ್ತಿಗೆ ಇನ್ನೊಂದು ಆಯಿತು. ಅಂಗಡಿಗೆ ಅಂತ ಹೊಸ ಸಿಮ್ ತಗೊಂಡಿದ್ದೆ. ಬೋರ್ಡ್ ಇನ್ನೂ ಬರೆಸಿರಲಿಲ್ಲ, ಗಿರಾಕಿಗಳಿಗೂ ಆ ನಂಬರ್ ಕೊಟ್ಟಿರಲಿಲ್ಲ. ಸಾಲದ ಅರ್ಜಿಯಲ್ಲಿ ಮಾತ್ರ ಬರೆದೆ. ಹನ್ನೊಂದನೇ ದಿನ ಆ ನಂಬರಿಗೆ ಬೇರೊಂದು ಕಂಪನಿಯಿಂದ ಫೋನ್ ಬಂತು. "ಮೇಡಂ, ನಿಮಗೆ ಎರಡು ಲಕ್ಷ ಪ್ರೀ-ಅಪ್ರೂವ್ ಆಗಿದೆ." ನನ್ನ ಪೂರ್ತಿ ಹೆಸರು ಹೇಳಿದರು, ಪ್ಯಾನ್ ಕಾರ್ಡಿನಲ್ಲಿ ಇರುವ ಹಾಗೆ ಅಪ್ಪನ ಹೆಸರು ಸೇರಿಸಿ. ನನ್ನನ್ನು ಯಾರೂ ಹಾಗೆ ಕರೆಯುವುದಿಲ್ಲ. ಆ ತಿಂಗಳು ಇಂಥ ಫೋನು ಒಂಬತ್ತು ಬಂದವು. ಪ್ರತಿಯೊಂದರ ತಾರೀಖು, ಸಮಯ ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟೆ. ಮುಂದೆ ಅದು ತುಂಬಾ ಉಪಯೋಗಕ್ಕೆ ಬಂತು.

ಇಷ್ಟಾದರೂ ನಾನು ಸುಮ್ನೆ ಇದ್ದೆ. ಸುಮ್ನಿರಲು ಆಗದ ಹಾಗೆ ಆದದ್ದು 2023ರ ಜೂನಿನಲ್ಲಿ. ಜೂನ್ ಅಂದರೆ ಶಾಲೆ ಯೂನಿಫಾರಂ ಕೆಲಸ. ಬಟ್ಟೆ ಹೊಲಿದು ಕೊಟ್ಟಾಗಿತ್ತು, ಶಾಲೆಯಿಂದ ದುಡ್ಡು ಬಂದಿರಲಿಲ್ಲ. 5ನೇ ತಾರೀಖು ಖಾತೆಯಲ್ಲಿ ಹಣ ಕಮ್ಮಿಯಾಗಿ 3,990 ರೂಪಾಯಿ ಕಂತು ಬೌನ್ಸ್ ಆಯಿತು. ಆ ಇಡೀ ಸಾಲದಲ್ಲಿ ಅದೊಂದೇ ಸಲ. 7ನೇ ತಾರೀಖು ರಾತ್ರಿ ಒಂಬತ್ತು ಗಂಟೆಗೆ ಹರಿಹರದಲ್ಲಿರುವ ನನ್ನ ಚಿಕ್ಕಪ್ಪನಿಗೆ ಫೋನ್ ಹೋಗಿದೆ. ಅರ್ಜಿಯಲ್ಲಿ ರೆಫರೆನ್ಸ್ ಅಂತ ಅವರ ನಂಬರ್ ಕೊಟ್ಟಿದ್ದೆ. ಅವರು ಜಾಮೀನುದಾರರಲ್ಲ, ಎಲ್ಲೂ ಸಹಿ ಹಾಕಿಲ್ಲ. "ನಿಮ್ಮ ಹುಡುಗಿ ಸಾಲ ತಗೊಂಡು ಕಟ್ಟುತ್ತಿಲ್ಲ, ನಾಳೆ ಅಂಗಡಿ ಮುಂದೆ ಬರುತ್ತೇವೆ" ಅಂದರಂತೆ.

ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವಾಗ ಚಿಕ್ಕಪ್ಪ ಕಟ್ಟೆ ಮೇಲೆ ಕೂತಿದ್ದರು. ಮೊದಲ ಬಸ್ಸಿಗೆ ಬಂದಿದ್ದರು. ಮೇಷ್ಟ್ರಾಗಿ ರಿಟೈರ್ ಆದವರು, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಅವತ್ತು ಅಂಗಿ ಮುದುಡಿತ್ತು. ಮದುವೆ ಮುಯ್ಯಿ ಹಾಕುವ ಕವರಿನಲ್ಲಿ ನಾಲ್ಕು ಸಾವಿರ ಇಟ್ಟು ತಂದಿದ್ದರು. "ಎಷ್ಟು ತಿಂಗಳದು ಬಾಕಿ ಇದೆ ಹೇಳವ್ವ, ಮುಚ್ಚಿಡಬೇಡ" ಎಂದರು. ಮೂರು ದಿನ ತಡ ಅಷ್ಟೇ ಅಂತ ಮೊಬೈಲ್ ತೋರಿಸಿ ನಂಬಿಸುವಷ್ಟರಲ್ಲಿ ನನಗೆ ಅಳು ಬಂತು. ನನ್ನ ಸಾಲದ ಲೆಕ್ಕ ನನ್ನದು. ಅದನ್ನು ಅವರ ಮುಂದೆ ಬಿಚ್ಚಿಡುವ ಅಧಿಕಾರ ಆ ಫೋನ್ ಮಾಡಿದವನಿಗೆ ಯಾರು ಕೊಟ್ಟರು?

ಚಿಕ್ಕಪ್ಪನ ಮಗಳು ಶಿವಮೊಗ್ಗದಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದಾಳೆ. ಆರ್‌ಬಿಐ 2022ರ ಆಗಸ್ಟಿನಲ್ಲೇ ಇದನ್ನು ಹೇಳಿದೆ ಎಂದು ಅವಳೇ ತೋರಿಸಿದಳು. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವ ಹಾಗಿಲ್ಲ. ಮನೆಯವರು, ಸ್ನೇಹಿತರು, ರೆಫರೆನ್ಸ್ ಕೊಟ್ಟವರ ಖಾಸಗಿತನಕ್ಕೆ ಕೈ ಹಾಕುವ ಹಾಗಿಲ್ಲ. ಏಜೆಂಟ್ ಮಾಡಿದ ತಪ್ಪಿಗೂ ಕಂಪನಿಯೇ ಹೊಣೆ.

ಅವತ್ತು ಅಂಗಡಿಯ ಕಟಿಂಗ್ ಟೇಬಲ್ ಮೇಲೇ ಕೂತು ಚಿಕ್ಕಪ್ಪ ಕನ್ನಡದಲ್ಲಿ ದೂರು ಬರೆದರು. ಬರೆಯುತ್ತಾ ಹೇಳಿದರು, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಮೊಕದ್ದಮೆ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಅರ್ಜಿ ಹಾಕುವಾಗ ಅವರಿಗೆ ಎಂಬತ್ತು ದಾಟಿತ್ತು ಅಂತ. "ನಾವು ಒಂದು ಕಾಗದ ಬರೆಯಲು ಹಿಂದೆಮುಂದೆ ನೋಡಬಾರದು" ಎಂದರು.

ಮೂರೇ ಪ್ರಶ್ನೆ ಕೇಳಿದ್ದೆವು. ರೆಫರೆನ್ಸ್ ನಂಬರ್ ವಸೂಲಿಯವರ ಕೈಗೆ ಯಾಕೆ ಹೋಯಿತು? ಅಂಗಡಿಯ ಹೊಸ ನಂಬರ್ ಯಾರಿಗೆ ಕೊಟ್ಟಿರಿ? 2019ರಲ್ಲಿ ತೆಗೆದ ಫೋಟೋಗಳು ಈಗ ಎಲ್ಲಿವೆ? ಒಂಬತ್ತು ಫೋನಿನ ಪಟ್ಟಿಯನ್ನೂ ಸೇರಿಸಿ ದೂರು ನೋಡುವ ಅಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು, ಇಮೇಲ್ ಕೂಡ ಮಾಡಿದೆವು. ಆ ಅಧಿಕಾರಿಯ ಹೆಸರು, ಇಮೇಲ್ ಸಾಲದ ಒಪ್ಪಂದದಲ್ಲೇ ಇರುತ್ತದೆ, ಹುಡುಕಿ. ಕಾಲ್ ಸೆಂಟರಿಗೆ ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆದು ಕಳಿಸಿದ್ದು ಉಳಿಯುತ್ತದೆ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಸಹಾಯಕ್ಕೆ 14448 ನಂಬರ್ ಇದೆ.

ನಮಗೆ 26ನೇ ದಿನ ಉತ್ತರ ಬಂತು, ಇಂಗ್ಲಿಷಿನಲ್ಲಿ. ಮೊದಲ ಪ್ರಶ್ನೆಗೆ ಕ್ಷಮೆ ಕೇಳಿದ್ದರು. ವಸೂಲಿ ಏಜೆನ್ಸಿಗೆ ಎಚ್ಚರಿಕೆ ಕೊಟ್ಟಿದ್ದೇವೆ, ರೆಫರೆನ್ಸ್ ನಂಬರ್ ತೆಗೆದಿದ್ದೇವೆ ಅಂತ. ಎರಡನೆಯದಕ್ಕೆ "ನಾವು ಗ್ರಾಹಕರ ವಿವರ ಯಾರಿಗೂ ಮಾರುವುದಿಲ್ಲ" ಎಂಬ ಒಂದು ಸಾಲು. ಫೋಟೋ ಬಗ್ಗೆ ಏನೂ ಇಲ್ಲ.

ಮಾರಿಲ್ಲ ಅಂದರೆ ಕೊಟ್ಟಿಲ್ಲ ಅಂತ ಅರ್ಥ ಅಲ್ಲ. ಅದು ಗೊತ್ತಾದದ್ದು ಕ್ರೆಡಿಟ್ ರಿಪೋರ್ಟ್, ಅಂದರೆ ನಮ್ಮ ಸಾಲಗಳ ಲೆಕ್ಕದ ವರದಿ, ತೆಗೆದಾಗ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ಎಲ್ಲರೂ ಸ್ಕೋರ್ ನೋಡಿ ಮುಚ್ಚಿಡುತ್ತಾರೆ. ನೀವು ಕೊನೆಯ ಪುಟಕ್ಕೆ ಹೋಗಿ. ಯಾರು ಯಾವತ್ತು ನಿಮ್ಮ ರಿಪೋರ್ಟ್ ತೆಗೆದು ನೋಡಿದ್ದಾರೆ ಅಂತ ಅಲ್ಲಿ ಇರುತ್ತದೆ. 2022ರ ಡಿಸೆಂಬರಿನಲ್ಲಿ, ನಾನು ಅರ್ಜಿ ಹಾಕಿದ ಮರುದಿನವೇ, ಹೆಸರೇ ಕೇಳಿರದ ಇನ್ನೊಂದು ಕಂಪನಿ ನನ್ನ ರಿಪೋರ್ಟ್ ನೋಡಿತ್ತು.

ಆ ಪುಟದ ಪ್ರತಿ ಹಾಕಿ ಮತ್ತೆ ಬರೆದೆ. ಈ ಸಲ ಶಾಖೆಯ ಮ್ಯಾನೇಜರೇ ಕರೆದು ಕೂರಿಸಿ ವಿವರಿಸಿದರು. ಅವರು ಸಾಲದ ಹಣದಲ್ಲಿ ಒಂದು ಪಾಲನ್ನು ಜೊತೆಗಾರ ಸಂಸ್ಥೆಯಿಂದ ಹಾಕಿಸುತ್ತಾರೆ. ಅರ್ಜಿ ಅಲ್ಲಿಗೂ ಹೋಗುತ್ತದೆ, ಅವರೂ ಪರಿಶೀಲಿಸುತ್ತಾರೆ. ಒಪ್ಪಂದದ 14ನೇ ಪುಟ ತೆಗೆದು ವಿವರ ಹಂಚಿಕೊಳ್ಳುವ ಬಗ್ಗೆ ಇದ್ದ ಸಾಲು ತೋರಿಸಿದರು. "ನಮ್ಮ ಸಮೂಹ ಸಂಸ್ಥೆಗಳು ಮತ್ತು ಪಾಲುದಾರರೊಂದಿಗೆ" ಅಂತ ಇತ್ತು. ನಾನೇ ಸಹಿ ಹಾಕಿದ್ದೆ. ಪಾಲುದಾರರು ಯಾರು ಅಂತ ಹೆಸರಿಲ್ಲ, ಎಷ್ಟು ಜನ ಅಂತಲೂ ಇಲ್ಲ. ಸಾಲ ಕೊಡಲು ಬೇಕಾದ ಪಾಲುದಾರನಿಗೂ, ಸುಮ್ನೆ ಸಾಲ ಮಾರಲು ಫೋನ್ ಮಾಡುವವನಿಗೂ ಒಂದೇ ಸಾಲಿನಲ್ಲಿ ಒಪ್ಪಿಗೆ ತೆಗೆದುಕೊಳ್ಳುವುದು ನನಗೆ ಈಗಲೂ ಅನ್ಯಾಯ ಅನ್ನಿಸುತ್ತದೆ. ಮ್ಯಾನೇಜರಿಗೂ ಹಾಗೇ ಹೇಳಿದೆ. ಅವರು ವಾದ ಮಾಡಲಿಲ್ಲ.

2024ರಲ್ಲಿ ಆ್ಯಪ್‌ನಲ್ಲಿ ಒಪ್ಪಿಗೆಗಳ ಒಂದು ಪುಟ ಬಂತು. ನಾನು ಯಾವುದಕ್ಕೆ ಯಾವಾಗ ಒಪ್ಪಿದ್ದೇನೆ ಅಂತ ಪಟ್ಟಿ ಇದೆ. ಮಾರ್ಕೆಟಿಂಗ್, ಸಮೂಹ ಸಂಸ್ಥೆಗಳು ಎರಡನ್ನೂ ಆಫ್ ಮಾಡಿದೆ. ಹದಿನೈದು ದಿನದಲ್ಲಿ ಈ ಕಂಪನಿಯ ಜಾಹೀರಾತು ಫೋನು ನಿಂತವು. ಹೊರಗಿನವರದು ಇನ್ನೂ ವಾರಕ್ಕೆ ಒಂದೆರಡು ಬರುತ್ತವೆ. ಒಂದು ಸಲ ಕೈಬಿಟ್ಟ ನಂಬರ್ ವಾಪಸ್ ಬರುವುದಿಲ್ಲ.

ಎರಡನೇ ಸಾಲ ತೀರಿದ ಮೇಲೆ, 2025ರ ಜನವರಿಯಲ್ಲಿ, ನನ್ನ ವಿವರಗಳನ್ನೆಲ್ಲ ಅಳಿಸಿ ಅಂತ ಬರೆದೆ. ಇದಕ್ಕೆ ಬಂದ ಉತ್ತರ ನನಗೆ ತುಂಬಾ ಹಿಡಿಸಿತು. ಕನ್ನಡದಲ್ಲಿತ್ತು, ನೇರವಾಗಿತ್ತು. ಅಕ್ರಮ ಹಣ ತಡೆ ಕಾನೂನಿನ ಪ್ರಕಾರ ಕೆವೈಸಿ ಕಾಗದಗಳನ್ನು ವ್ಯವಹಾರ ಮುಗಿದ ಮೇಲೆ ಐದು ವರ್ಷ ಇಟ್ಟುಕೊಳ್ಳಲೇಬೇಕು, ಅವನ್ನು ಅಳಿಸಲು ಆಗುವುದಿಲ್ಲ. ಅಂಗಡಿಯ ಫೋಟೋ, ಲೊಕೇಶನ್, ರೆಫರೆನ್ಸ್ ಹೆಸರು ನಂಬರ್ ಅಳಿಸಿದ್ದೇವೆ ಅಂತ ಒಂದೊಂದಾಗಿ ಬರೆದಿದ್ದರು. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಹೀಗೆ ಬಿಡಿಸಿ ಹೇಳಿದರೆ ಗ್ರಾಹಕರು ಯಾಕೆ ಜಗಳ ಆಡುತ್ತಾರೆ? 2023ರಲ್ಲಿ ಬಂದ ದತ್ತಾಂಶ ರಕ್ಷಣೆ ಕಾನೂನಿಗೆ 2025ರ ನವೆಂಬರಿನಲ್ಲಿ ನಿಯಮಗಳು ಬಂದಿವೆ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ವಿವರ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಇದೆ. ಈ ಕಂಪನಿ ಬದಲಾಗಲು ಅದೂ ಒಂದು ಕಾರಣ ಇರಬಹುದು. ನಮ್ಮ ಕಾಗದವೂ ಒಂದು ಕಾರಣ ಅಂತ ಚಿಕ್ಕಪ್ಪ ನಂಬಿದ್ದಾರೆ, ನಾನೂ ನಂಬಿದ್ದೇನೆ.

ಅಂಕ ಕೊಡಿ ಅಂದರೆ, ಆ್ಯಪ್ ಮತ್ತು ಅದರ ಭದ್ರತೆಗೆ ಐದಕ್ಕೆ ನಾಲ್ಕು. ದೂರು ನೋಡುವವರಿಗೆ ಮೂರು, ಅದೂ ಎರಡನೇ ಸಲ ಬರೆದ ಮೇಲೆ. ಏಜೆಂಟರು, ವಸೂಲಿಯವರ ಕೈಗೆ ವಿವರ ಕೊಟ್ಟ ರೀತಿಗೆ ಒಂದು.

ಇಷ್ಟೆಲ್ಲ ಆದ ಮೇಲೂ ಕಳೆದ ತಿಂಗಳು ಕಸೂತಿ ಮೆಷಿನ್‌ಗೆ ಮೂರನೇ ಸಾಲಕ್ಕೆ ಅಲ್ಲಿಗೇ ಹೋದೆ. ಕೇಳಿದರೆ ಉತ್ತರ ಕೊಡುತ್ತಾರೆ ಅನ್ನುವುದು ಗೊತ್ತಿತ್ತು, ಅದಕ್ಕೆ. ಈ ಸಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟೆ. ಪ್ಯಾನ್ ಜೆರಾಕ್ಸಿನ ಮೇಲೆ ಅಡ್ಡಡ್ಡ ಕಂಪನಿ ಹೆಸರು, "ಮೆಷಿನ್ ಸಾಲಕ್ಕೆ ಮಾತ್ರ" ಅಂತ, ತಾರೀಖು ಬರೆದೆ. ರೆಫರೆನ್ಸ್ ಕಾಲಂ ಖಾಲಿ ಬಿಟ್ಟೆ. ಕೌಂಟರಿನ ಹುಡುಗಿ ಒಂದು ನಿಮಿಷ ನೋಡಿ, ಒಳಗೆ ಹೋಗಿ ಕೇಳಿಕೊಂಡು ಬಂದು, "ಪರವಾಗಿಲ್ಲ ಅಕ್ಕಾ" ಎಂದು ತೆಗೆದುಕೊಂಡಳು. ಫೋಟೋ ತೆಗೆದದ್ದು ಕಂಪನಿಯ ಟ್ಯಾಬಿನಲ್ಲಿ. "ಇದು ಇದರಲ್ಲೇ ಉಳಿಯುತ್ತಾ?" ಎಂದು ಕೇಳಿದೆ. ಅವಳು ಟ್ಯಾಬ್ ನನ್ನ ಕಡೆ ತಿರುಗಿಸಿ ಗ್ಯಾಲರಿ ತೆರೆದು ತೋರಿಸಿದಳು. ಖಾಲಿ ಇತ್ತು.